ಮಸಾಜ್ ಮಾಡುವಾಗ ಮಲಗಿದವರೂ ಅಲ್ಲಾಡಲಿ

ಅಡಿಕೆ ಸುಲಿತ ಶುರುವಾಯಿತೆಂದರೆ ಮಸಾಜ್‌ಗೆ ನನ್ನ ಹತ್ತಿರ ಬರುವ ಹೆಂಗಸರ ದೂರು ಒಂದೇ, ಕುತ್ತಿಗೆ ಹೆಗಲಿಗೆ ಸೇರುವ ಕಡೆ ಹಿಡಿದುಕೊಂಡಿದೆ. ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ತಲೆ ಬಗ್ಗಿಸಿ ಕೂತರೆ ರಾತ್ರಿ ಎಷ್ಟು ಹೊತ್ತಾಯಿತು ಅಂತಲೇ ಗೊತ್ತಾಗುವುದಿಲ್ಲ. ಉದ್ದನೆಯ ದೋಟಿ ಹಿಡಿದು ಅಡಿಕೆ ಮರಕ್ಕೆ ಬೋರ್ಡೋ ಔಷಧಿ ಹೊಡೆಯುವವರದ್ದು ಇನ್ನೊಂದು ಥರ, ಮೇಲೆ ನೋಡಿ ನೋಡಿ ಕುತ್ತಿಗೆ ಕಲ್ಲಾಗಿರುತ್ತದೆ.

ಮೊದಲೆಲ್ಲ ನಾನೂ ಮಲಗಿಸಿ, ಎಣ್ಣೆ ಹಾಕಿ, ತಿಕ್ಕಿ ಕಳಿಸುತ್ತಿದ್ದೆ. ಏಳುವಾಗ ಹಾಯೆನಿಸುತ್ತಿತ್ತು. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮತ್ತೆ ಹಿಡಿದುಕೊಳ್ಳುತ್ತಿತ್ತು. ನೋವು ಬರುವುದು ತಿರುಗುವಾಗ, ನಾವು ತಿಕ್ಕುವುದು ಸುಮ್ನೆ ಮಲಗಿದಾಗ. ಕೈಗೆ ಹೇಗೆ ಸಿಗಬೇಕು ಅದು?

ಹಾಗಾಗಿ ಮೊದಲ ಕೆಲಸ ಎಣ್ಣೆ ಬಾಟಲಿ ಮುಟ್ಟುವುದಲ್ಲ, ನೋಡುವುದು. ಸ್ಟೂಲ್ ಮೇಲೆ ಕೂರಿಸಿ, ತಲೆಯನ್ನು ಎರಡೂ ಕಡೆ ತಿರುಗಿಸಲು ಹೇಳಿ. ಗಲ್ಲ ಹೆಚ್ಚುಕಡಿಮೆ ಹೆಗಲ ನೇರಕ್ಕೆ ಬರಬೇಕು. ಎಲ್ಲಿ ನಿಲ್ಲುತ್ತದೆ, ಎಲ್ಲಿ ಹುಬ್ಬು ಗಂಟಾಗುತ್ತದೆ, ತಲೆಯ ಬದಲು ಹೆಗಲೇ ತಿರುಗುತ್ತಿದೆಯಾ, ಇದೆಲ್ಲ ನೆನಪಿಡಿ. ಕೊನೆಗೆ ಬೇಕಾಗುತ್ತದೆ.

ಎಣ್ಣೆ ಒಂದೆರಡು ಹನಿ ಸಾಕು. ಜಾಸ್ತಿ ಹಾಕಿದರೆ ಬೆರಳು ಜಾರುತ್ತದೆ, ಹಿಡಿತ ಸಿಗುವುದಿಲ್ಲ. ದೀಪಾವಳಿಯ ಎಣ್ಣೆಸ್ನಾನ ಕಂಡವರು ನಾವು, ಮೈ ತುಂಬ ಎಣ್ಣೆ ಹಚ್ಚದಿದ್ದರೆ ಕಡಿಮೆ ಮಾಡಿದರು ಅಂದುಕೊಳ್ಳುತ್ತಾರೆ. ಅದಕ್ಕೆ ಕಾರಣ ಮೊದಲೇ ಹೇಳಿಬಿಡಿ.

ಈಗ ಮುಖ್ಯ ಭಾಗ. ಬಲಗಡೆ ನೋವು ಅಂತಿಟ್ಟುಕೊಳ್ಳಿ. ಹೆಗಲಹಲಗೆಯ ಮೇಲಿನ ಮೂಲೆ, ಬೆನ್ನುಮೂಳೆ ಕಡೆಯದ್ದು, ಬೆರಳಿಗೆ ಸಿಗುತ್ತದೆ. ಕುತ್ತಿಗೆಯ ಮೇಲಿನ ನಾಲ್ಕು ಮೂಳೆಗಳಿಂದ ಇಳಿದು ಬರುವ ಲಿವೇಟರ್ ಸ್ನಾಯು ಬಂದು ಸೇರುವುದು ಇಲ್ಲೇ, ಸುಲಿಯುವವರ ನೋವು ಹೆಚ್ಚಾಗಿ ಕೂತಿರುವುದೂ ಇಲ್ಲೇ. ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಲು ಹೇಳಿದರೆ ಸ್ನಾಯು ಸಡಿಲವಾಗುತ್ತದೆ. ಆಗ ಆ ಮೂಲೆಯ ಸ್ವಲ್ಪ ಮೇಲೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಆಮೇಲೆ, "ಅಕ್ಕಾ, ನಿಧಾನಕ್ಕೆ ಎಡಗಡೆ ತಿರುಗಿ, ಎಡ ಕಂಕುಳು ನೋಡಿ" ಅನ್ನಿ. ಅವರು ತಿರುಗುತ್ತಾ ಹೋದಂತೆ ನಿಮ್ಮ ಬೆರಳಿನ ಕೆಳಗೆ ಹಗ್ಗ ಬಿಗಿದ ಹಾಗೆ ಸ್ನಾಯು ಎದ್ದು ಬರುತ್ತದೆ. ನೀವು ತಿಕ್ಕಬೇಡಿ, ಸುಮ್ನೆ ಹಿಡಿದಿರಿ. ಎಳೆಯುವ ಕೆಲಸ ಅವರದ್ದು. ವಾಪಸ್ ಬಂದ ಮೇಲೆ ಬೆರಳು ಒಂದಿಷ್ಟು ಸರಿಸಿ ಮತ್ತೆ. ಮೂರ್ನಾಲ್ಕು ಸಲ ಸಾಕು. ನೋವು ಹತ್ತಕ್ಕೆ ಐದು ದಾಟಬಾರದು. ಉಸಿರು ಬಿಗಿಹಿಡಿದರೆ ನಿಮ್ಮ ಒತ್ತಡ ಜಾಸ್ತಿಯಾಯಿತು ಅಂತಲೇ ಅರ್ಥ.

ಇಲ್ಲೊಂದು ತೊಡಕಿದೆ. ನಮ್ಮ ಜನ ಮರ್ಯಾದೆಗೆ ಅಲುಗಾಡುವುದಿಲ್ಲ. ಒಬ್ಬ ಅಮ್ಮ ಕೇಳಿದ್ದರು, "ನಾನು ಅಲ್ಲಾಡಿದ್ರೆ ನಿಂಗೆ ತೊಂದ್ರೆ ಆಗಲ್ವಾ ಮಾರಾಯ್ತಿ?" ಅಷ್ಟು ಹೊತ್ತು ಕಷ್ಟಪಟ್ಟು ಬಿಗಿಯಾಗಿ ಕೂತಿದ್ದರು ಪಾಪ. ಅಲ್ಲಾಡಲಿಕ್ಕೇ ಹೇಳುತ್ತಿದ್ದೇನೆ, ನೋವಾದರೆ ನಿಲ್ಲಿಸುವವರೂ ನೀವೇ ಅಂದಾಗ ಅವರ ಹೆಗಲು ಅರ್ಧ ಇಳಿಯಿತು. ಬೇಕಿದ್ದರೆ ಒಂದು ಸಲ ನೀವೇ ಮಾಡಿ ತೋರಿಸಿ.

ಇನ್ನೂ ಬಿಡದಿದ್ದರೆ ತಲೆ ಎಡಕ್ಕೆ ತಿರುಗಿ ಬಗ್ಗಿರುವಾಗಲೇ ಹಿಂದೆ, ಬಲಬದಿಗೆ, ನಿಮ್ಮ ಅಂಗೈ ಇಡಿ. ಅವರು ತಮ್ಮ ಶಕ್ತಿಯ ಐದರಲ್ಲಿ ಒಂದು ಪಾಲು ಹಾಕಿ ಅಂಗೈಗೆ ತಲೆ ಒತ್ತಲಿ, 5ರಿಂದ 7 ಸೆಕೆಂಡು. ನೀವು ಕೈ ಬಿಡಬೇಡಿ, ತಳ್ಳಲೂಬೇಡಿ. ಒತ್ತುವುದು ನಿಲ್ಲಿಸಿ ಉಸಿರು ಬಿಟ್ಟ ಮೇಲೆ ತಲೆ ಇನ್ನೊಂಚೂರು ಮುಂದೆ ಹೋಗುತ್ತದೆ. ಮೂರು ಸಲ ಮಾಡಿ. ಅಮೆರಿಕದ ಆಸ್ಟಿಯೋಪಥಿ (ಮೂಳೆ, ಸ್ನಾಯುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆ) ವೈದ್ಯ ಫ್ರೆಡ್ ಮಿಚೆಲ್ ಬೆಳೆಸಿದ ಮಸಲ್ ಎನರ್ಜಿ ಪದ್ಧತಿ ಈ ಥರದ್ದು. ಜೋರಿನಿಂದ ಇದರಲ್ಲಿ ಏನೂ ಸಿಗುವುದಿಲ್ಲ.

ಮುಂಗೈಗೂ ಹೀಗೇ, ಮೊಣಕೈ ಕೆಳಗೆ ಒತ್ತಿ ಹಿಡಿದು ಮಣಿಕಟ್ಟು ಮೇಲೆ ಕೆಳಗೆ ಆಡಿಸಲು ಹೇಳಿ. ನಾಟಿ ಮಾಡಿ ಸೊಂಟ ಹಿಡಿದವರನ್ನು ಬೋರಲು ಮಲಗಿಸಿ, ಮೊಣಕಾಲು ಮಡಚಿ, ಪಾದವನ್ನು ಆಚೀಚೆ ತೂಗಾಡಿಸಲಿ. ನಿಮ್ಮ ಮುಷ್ಟಿ ಕುಂಡೆಯ ಸ್ನಾಯುವಿನ ಮೇಲಿರಲಿ.

ಕೈ ಜೋಮು ಹಿಡಿಯುವುದು, ಶಕ್ತಿ ಕಡಿಮೆಯಾಗಿರುವುದು, ಮರದಿಂದ ಬಿದ್ದಿರುವುದು, ಒಂದೇ ಮೀನಖಂಡ ಊದಿ ಬಿಸಿಯಾಗಿರುವುದು, ಇವುಗಳಲ್ಲಿ ಏನಿದ್ದರೂ ಮುಟ್ಟಬೇಡಿ, ಡಾಕ್ಟರ್ ಹತ್ತಿರ ಕಳಿಸಿ. ಎದೆ ಹಿಂಡಿ ಎಡಗೈಗೆ ನೋವು ಇಳಿಯುತ್ತಿದ್ದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ.

ಕೊನೆಗೆ ಮತ್ತೆ ಸ್ಟೂಲ್ ಮೇಲೆ ಕೂರಿಸಿ ತಲೆ ತಿರುಗಿಸಲು ಹೇಳಿ. ಎಷ್ಟು ಮುಂದೆ ಹೋಯಿತು ಅಂತ ಅವರೇ ನೋಡಲಿ. ಮನೆಗೆ ಕಳಿಸುವಾಗ ನಾನು ಹೇಳುವುದು ಇಷ್ಟೇ: ಬುಟ್ಟಿ ಖಾಲಿಯಾದಾಗಲೆಲ್ಲ ಮೆಟ್ಟುಗತ್ತಿ ಬಿಟ್ಟು ಎದ್ದು ನಿಲ್ಲಿ, ಹೆಗಲನ್ನು ಕಿವಿಯವರೆಗೆ ಎತ್ತಿ ಇಳಿಸಿ, ಐದು ಸಲ.