ರೈಲಿಲ್ಲದ ಕೊಡಗಿನಲ್ಲಿ ನನ್ನ ಆರಡಿ ರೈಲು

ಕೊಡಗಿನಲ್ಲಿ ರೈಲು ಹಳಿ ಇಲ್ಲ. ಹತ್ತಬೇಕು ಅಂದರೆ ಮೈಸೂರಿಗೋ ಹಾಸನಕ್ಕೋ ಹೋಗಬೇಕು, ವಿರಾಜಪೇಟೆ ಕಡೆಯವರಾದರೆ ಘಾಟಿ ಇಳಿದು ಕಣ್ಣೂರಿಗೋ ತಲಶ್ಶೇರಿಗೋ ಹೋಗುತ್ತಾರೆ. ಕುಶಾಲನಗರದವರೆಗೆ ರೈಲು ತರುವ ಮಾತು ಪೇಪರಿನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಬೇಕು ಅನ್ನುವವರೂ ಇದ್ದಾರೆ, ಕಾಡು ಹಾಳಾಗುತ್ತದೆ, ಬೇಡ ಅನ್ನುವವರೂ ಇದ್ದಾರೆ. ಆ ಜಗಳ ಅವರಿಗಿರಲಿ. ನಮ್ಮ ಮನೆಯ ಕಾಫಿ ಗೋದಾಮಿನ ಪಕ್ಕದ ಕೋಣೆಯಲ್ಲಿ ಸುಂಟಿಕೊಪ್ಪಕ್ಕೆ ಆಗಲೇ ರೈಲು ಬಂದಿದೆ. ಆರಡಿ ಉದ್ದ, ಒಂದೂಕಾಲಡಿ ಅಗಲದ ಹಲಗೆಯ ಮೇಲೆ. ಒಂದು ಇಂಜಿನ್, ಎಂಟು ಗೂಡ್ಸ್ ಡಬ್ಬಿ, ಎರಡು ಪಾಯಿಂಟ್, ಅಂದರೆ ಹಳಿ ಕವಲಾಗುವ ಜಾಗ. ಅಷ್ಟೇ.

ಮಾಡೆಲ್ ರೈಲು ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ಗುಡ್ಡ, ಸುರಂಗ, ಸೇತುವೆ, ಸುತ್ತಿ ಸುತ್ತಿ ಓಡುವ ಗಾಡಿ. ನನಗೂ ಮೊದಲು ಬಂದದ್ದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯೇ. 57 ಸುರಂಗ, 109 ಸೇತುವೆ ಇರುವ ಆ ದಾರಿಯಲ್ಲಿ ಬಾಗಿಲ ಹತ್ತಿರ ನಿಂತು ಹೋದವರಿಗೆ ಬೇರೆ ಏನು ತಾನೇ ನೆನಪಾಗಬೇಕು? ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಆ ಘಾಟಿಯ ಏರು 1:50, ಅಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್. ನಾನು ಬಳಸುವ ಎಚ್‌ಒ ಅನ್ನುವ ಮಾಡೆಲ್ ಅಳತೆಯಲ್ಲಿ ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಬೇಕಾದರೆ ಏಳೂವರೆ, ಎಂಟು ಸೆಂಟಿಮೀಟರ್ ಎತ್ತರ ಬೇಕು. ಏರುವುದಕ್ಕೇ ಸುಮಾರು ನಾಲ್ಕು ಮೀಟರ್, ಮತ್ತೆ ಇಳಿಯುವುದಕ್ಕೆ ನಾಲ್ಕು. ನಮ್ಮ ಕೋಣೆಯಲ್ಲಿ ಮೆಣಸಿನ ಚೀಲಕ್ಕೆ ಜಾಗ ಬಿಟ್ಟು ಉಳಿಯುವುದು ಒಂದು ಗೋಡೆ. ಏರು ಜಾಸ್ತಿ ಮಾಡಿದರೆ ಇಂಜಿನ್ ಚಕ್ರ ಸುಮ್ನೆ ಜಾರುತ್ತದೆ. ಅದಕ್ಕೇ ಗುಡ್ಡ ಬಿಟ್ಟು ಚಪ್ಪಟೆ ಶಂಟಿಂಗ್ ಯಾರ್ಡ್, ಅಂದರೆ ಡಬ್ಬಿಗಳನ್ನು ಹಿಂದೆ ಮುಂದೆ ಎಳೆದು ಜೋಡಿಸುವ ಜಾಗ, ಮಾಡಿದೆ. ನನ್ನನ್ನು ಕೇಳಿದರೆ ಸುತ್ತು ಹೊಡೆಯುವ ರೈಲನ್ನು ಹತ್ತು ನಿಮಿಷ ನೋಡಬಹುದು. ಶಂಟಿಂಗ್‌ಗೆ ಕೂತರೆ ಊಟಕ್ಕೆ ಕರೆದರೂ ಏಳುವುದಿಲ್ಲ.

ಹಲಗೆ ಮಾಡಿಸಲು ಆಚಾರಿಯನ್ನು ಕರೆಸಿದ್ದೆ. ಉದ್ದ ಅಗಲ ಹೇಳಿ, ಮೇಲೆ ಮುಚ್ಚಳವೂ ಬೇಕು ಅಂದಾಗ, "ಕೋವಿ ಇಡೋಕಾ ಸಾರ್? ಒಂದು ಕೋವಿಗೆ ಇಷ್ಟು ಅಗಲ ಯಾಕೆ?" ಅಂದರು. ರೈಲಿಗೆ ಅಂದೆ. ಮತ್ತೆ ಏನೂ ಕೇಳಲಿಲ್ಲ.

ಎಚ್‌ಒ ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲು. ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಅದನ್ನು 87ರಿಂದ ಭಾಗಿಸಿದರೆ 19ಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಹಾಗಾಗಿ ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ಭಾರತದ ರೈಲು ನಿಂತರೆ ಹಳಿ ಎರಡೂಮುಕ್ಕಾಲು ಮಿಲಿಮೀಟರಿನಷ್ಟು ಕಿರಿದಾಗಿಯೇ ಕಾಣುತ್ತದೆ. ಇದಕ್ಕೆ ತಲೆಕೆಡಿಸಿಕೊಂಡು ಹಳಿಯನ್ನೂ ಕೈಯಲ್ಲೇ ಮಾಡುವವರಿದ್ದಾರೆ, ಅವರಿಗೆ ನಮಸ್ಕಾರ. ನಾನು ಬದಿಯಿಂದ ನೋಡುತ್ತೇನೆ, ಬದಿಯಿಂದ ಅಗಲ ಕಾಣುವುದಿಲ್ಲ. ಡಬ್ಬಿಗಳೆಲ್ಲ ಯಾರೋ ಬಳಸಿ ಬಿಟ್ಟ ಯುರೋಪಿನ ನಾಲ್ಕು ಚಕ್ರದವು. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗಿ ಹಳೆಯ ಗಾಡಿಗಳ ಬಣ್ಣ ನೋಡಿಕೊಂಡು ಬಂದು, ಇಟ್ಟಿಗೆ ಕೆಂಪು ಬಳಿದು, ಅದರ ಮೇಲೆ ಧೂಳಿನ ಬಣ್ಣ ಒರೆಸಿದ್ದೇನೆ. ಮೂರರಲ್ಲಿ ಕಾಫಿ. ಉಳಿದ ಐದರಲ್ಲಿ ಕರಿಮೆಣಸು, ಕಿತ್ತಳೆ, ಗೊಬ್ಬರ, ಮರದ ದಿಮ್ಮಿ, ಕೊನೆಯದು ಸೀಮೆಎಣ್ಣೆ ಟ್ಯಾಂಕರ್.

ಇನ್ನು ಆಟಕ್ಕೆ ಬರುತ್ತೇನೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಅಲನ್ ರೈಟ್ ಅನ್ನುವ ಇಂಗ್ಲಿಷ್ ಮಾಡೆಲರ್ ಕಟ್ಟಿದ್ದು, ಹೆಸರು ಇಂಗಲ್‌ನುಕ್. ಒಂದು ಹಳಿ ಮೊದಲ ಪಾಯಿಂಟ್‌ನಲ್ಲಿ ಎರಡಾಗುತ್ತದೆ, ಅದರಲ್ಲೊಂದು ಮುಂದೆ ಮತ್ತೆ ಎರಡಾಗುತ್ತದೆ. ಒಟ್ಟು ಮೂರು ಲೈನ್. ಒಂದರಲ್ಲಿ ಐದು ಡಬ್ಬಿ ಹಿಡಿಯುತ್ತವೆ, ಉಳಿದ ಎರಡರಲ್ಲಿ ಮೂರು ಮೂರು. ಇಂಜಿನ್ ನಿಲ್ಲುವ ಈಚೆ ತುದಿಯಲ್ಲಿ ಇಂಜಿನ್ ಜೊತೆಗೆ ಮೂರೇ ಡಬ್ಬಿಗೆ ಜಾಗ. ಡಬ್ಬಿಗಳ ಹೆಸರು ಬರೆದ ಎಂಟು ಚೀಟಿಯನ್ನು ತಗಡಿನ ಡಬ್ಬಕ್ಕೆ ಹಾಕಿ ಐದನ್ನು ಎತ್ತಬೇಕು. ಎತ್ತಿದ ಸರದಿಯಲ್ಲೇ ಆ ಐದು ಡಬ್ಬಿ ಉದ್ದದ ಲೈನಿನಲ್ಲಿ ಸಾಲಾಗಿ ನಿಲ್ಲಬೇಕು. ಕೈಯಲ್ಲಿ ಎತ್ತಿ ಇಡುವ ಹಾಗಿಲ್ಲ, ಎಲ್ಲಾ ಇಂಜಿನ್ನೇ ಮಾಡಬೇಕು.

ಕೇಳುವುದಕ್ಕೆ ಸುಲಭ ಅಲ್ವಾ? ಎಂಟರಲ್ಲಿ ಐದನ್ನು ಸರದಿಯಲ್ಲಿ ಎತ್ತುವುದಕ್ಕೆ 6720 ದಾರಿಗಳಿವೆ. ಯಾವ ಸರದಿ ಬಂದರೂ ಬಿಡಿಸಬಹುದು, ಆದರೆ ಎಷ್ಟು ಸಲ ಹಿಂದೆ ಮುಂದೆ ಹೋಗುತ್ತೀರಿ ಅನ್ನುವುದರಲ್ಲಿ ಜಾಣತನ ಇರುವುದು. ಮೆಣಸಿನ ಡಬ್ಬಿ ಬೇಕು, ಅದು ಗೊಬ್ಬರದ ಹಿಂದೆ ಸಿಕ್ಕಿಕೊಂಡಿದೆ, ಗೊಬ್ಬರ ಎಳೆದು ಎಲ್ಲಿ ಇಡುವುದು, ಆ ಲೈನಿನಲ್ಲಿ ಆಗಲೇ ಮೂರಿವೆ. ತಲೆ ಬಿಸಿಯಾಗುತ್ತದೆ. ನನ್ನ ತಂಗಿಯ ಮಗ ರಜೆಗೆ ಬಂದಾಗಲೆಲ್ಲ ಇದೇ ಗಲಾಟೆ.

"ಮಾವ, ಈ ತುದಿ ಸ್ವಲ್ಪ ಉದ್ದ ಮಾಡಿ. ನಾಲ್ಕು ಡಬ್ಬಿ ಹಿಡಿದರೆ ಈಗಲೇ ಮುಗಿಯುತ್ತೆ."

"ಮುಗಿದ ಮೇಲೆ ಏನು ಮಾಡ್ತೀಯಾ?"

"ಇನ್ನೊಂದು ಚೀಟಿ ಎತ್ತೋದು."

"ಹಾಗಾದ್ರೆ ಮೂರರಲ್ಲೇ ಮಾಡು."

ಅವನಿಗೆ ಸಿಟ್ಟು ಬರುತ್ತದೆ, ಆದರೆ ಎದ್ದು ಹೋಗುವುದಿಲ್ಲ. ಆ ಮೂರು ಡಬ್ಬಿಯ ಜಾಗವೇ ಇಡೀ ಆಟದ ಜೀವ. ಅದನ್ನು ಉದ್ದ ಮಾಡಿದರೆ ಸುಮ್ನೆ ಡಬ್ಬಿ ತಳ್ಳಿದ ಹಾಗಾಗುತ್ತದೆ.

ಡಬ್ಬಿ ಬಿಡಿಸಲು ಕಡ್ಡಿ ಸಾಕು. ಕೊಕ್ಕೆಗಳು ಬೆರಳಿಗೆ ಬೆರಳು ಸಿಕ್ಕಿಸಿದ ಹಾಗೆ ಹಿಡಿದುಕೊಳ್ಳುವ ತರದವಾದರೆ, ಬಿದಿರಿನ ಕಡ್ಡಿಯ ತುದಿ ಚೂಪು ಮಾಡಿ ನಡುವೆ ಇಟ್ಟು ಸ್ವಲ್ಪ ತಿರುಗಿಸಿದರೆ ಬಿಟ್ಟುಕೊಳ್ಳುತ್ತವೆ. ಬಿದಿರಿಗೆ ನಮ್ಮಲ್ಲಿ ಬರಗಾಲವೇ?

ಶಂಟಿಂಗ್ ಚೆನ್ನಾಗಿ ಆಗಬೇಕಾದರೆ ಗಾಡಿ ತೆವಳಬೇಕು. ಓಡಿದರೆ ಮಜಾ ಇಲ್ಲ. ಡಬ್ಬಿಗೆ ಡಬ್ಬಿ ತಾಗುವಾಗ ಟಿಕ್ ಅನ್ನುವ ಸಣ್ಣ ಶಬ್ದ ಮಾತ್ರ ಕೇಳಬೇಕು. ಈ ನಿಧಾನಕ್ಕೆ ದೊಡ್ಡ ಶತ್ರು ಪಾಯಿಂಟ್‌ನ ನಡುವೆ ಹಳಿಗಳು ಕತ್ತರಿಸುವ ಜಾಗ, ಇಂಗ್ಲಿಷಿನಲ್ಲಿ ಫ್ರಾಗ್ ಅನ್ನುತ್ತಾರೆ. ಕಡಿಮೆ ಬೆಲೆಯ ಪಾಯಿಂಟ್‌ಗಳಲ್ಲಿ ಅದು ಪ್ಲಾಸ್ಟಿಕ್, ಕರೆಂಟ್ ಇಲ್ಲ. ಸಣ್ಣ ಇಂಜಿನ್ ನಿಧಾನಕ್ಕೆ ಬಂದು ಅಲ್ಲೇ ನಿಂತುಬಿಡುತ್ತದೆ, ಬೆರಳಲ್ಲಿ ತಳ್ಳಬೇಕು. ಲೋಹದ ಫ್ರಾಗ್ ಇರುವುದನ್ನೇ ಕೊಳ್ಳಿ, ಈ ಒಂದು ವಿಷಯದಲ್ಲಿ ಜಿಪುಣತನ ಬೇಡ. ಆದರೆ ಪಾಯಿಂಟ್ ಯಾವ ಕಡೆ ತಿರುಗಿದೆಯೋ ಆ ಕಡೆಯ ಕರೆಂಟ್ ಫ್ರಾಗ್‌ಗೆ ಹೋಗಬೇಕು. ಅದಕ್ಕೆ ಮೋಟಾರು ಗೀಟಾರು ಏನೂ ಬೇಡ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ ಮೂರು ಕಾಲಿನ ಸ್ಲೈಡ್ ಸ್ವಿಚ್ ಒಂದು ತನ್ನಿ. ನಡುವಿನ ಕಾಲಿನಿಂದ ಫ್ರಾಗ್‌ಗೆ ವೈರ್, ಆಚೀಚೆ ಕಾಲುಗಳಿಂದ ಎರಡು ಹಳಿಗೆ. ಸ್ವಿಚ್ಚಿನ ಗುಂಡಿಗೆ ಸಣ್ಣ ತೂತು ಕೊರೆದು, ಗಟ್ಟಿ ಉಕ್ಕಿನ ತಂತಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಪಾಯಿಂಟ್‌ನ ಹಳಿಯನ್ನು ತಿರುಗಿಸುವ ಅಡ್ಡಪಟ್ಟಿಗೆ ಸೇರಿಸಿ. ತಂತಿಯ ನಡುವೆ ಒಂದು ಬಳುಕು ಇರಲಿ, ಸ್ವಿಚ್ ಸರಿಯುವುದು ಸ್ವಲ್ಪ ಜಾಸ್ತಿಯಾದರೂ ಅದು ತಡೆದುಕೊಳ್ಳುತ್ತದೆ. ಈಗ ಗುಂಡಿ ಸರಿಸಿದರೆ ಹಳಿಯೂ ತಿರುಗುತ್ತದೆ, ಕರೆಂಟೂ ಬದಲಾಗುತ್ತದೆ. ಇಂಜಿನ್ ಅಲ್ಲಿಗೆ ಬಂದ ಕೂಡಲೇ ಶಾರ್ಟ್ ಆದರೆ ಆಚೀಚೆ ವೈರ್ ಅದಲುಬದಲು ಮಾಡಿ, ಅಷ್ಟೇ.

ಕರೆಂಟ್ ಅಂದೆನಲ್ಲ. ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆಗೆ ಮರ ಬಿದ್ದು ಲೈನ್ ಹೋದರೆ ಎಷ್ಟು ದಿನಕ್ಕೆ ಬರುತ್ತದೋ ದೇವರೇ ಬಲ್ಲ, ಆದರೆ ತೋಟಕ್ಕೆ ಹೋಗಲಾಗದೆ ಕೈ ಖಾಲಿ ಇರುವುದೂ ಅದೇ ಹೊತ್ತಿನಲ್ಲಿ. ಅದೃಷ್ಟಕ್ಕೆ ಈ ರೈಲು ಓಡುವುದೇ 12 ವೋಲ್ಟ್ ಡಿಸಿಯಲ್ಲಿ. 12 ವೋಲ್ಟ್, 7 ಆಂಪಿಯರ್ ಅವರ್‌ನ ಸಣ್ಣ ಬ್ಯಾಟರಿ, ಅದರ ಮುಂದೆ ಮೋಟಾರಿನ ವೇಗ ಬದಲಿಸುವ ಪಿಡಬ್ಲ್ಯುಎಂ ಬೋರ್ಡ್, ಹಿಂದೆ ಮುಂದೆ ಹೋಗಲು ಒಂದು ಸ್ವಿಚ್. ಇಂಜಿನ್ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ, ಹಾಗಾಗಿ ಇಡೀ ದಿನ ಆಡಬಹುದು. ಪಿಡಬ್ಲ್ಯುಎಂ ಕರೆಂಟನ್ನು ತುಂಡು ತುಂಡಾಗಿ ಕೊಡುವುದರಿಂದ ಇಂಜಿನ್ ಇನ್ನೂ ಚೆನ್ನಾಗಿ ತೆವಳುತ್ತದೆ, ಸ್ವಲ್ಪ ಗುಂಯ್ ಅನ್ನುತ್ತದೆ ಅಷ್ಟೇ. ಒಂದು ಮಾತು ಮಾತ್ರ ಮರೆಯಬೇಡಿ. ಬ್ಯಾಟರಿಯ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಹಾಕಿ. ಹಳಿಯ ಮೇಲೆ ಸ್ಕ್ರೂಡ್ರೈವರ್ ಬಿದ್ದರೆ ಬ್ಯಾಟರಿ ಸುಮ್ಮನಿರುವುದಿಲ್ಲ, ವೈರ್ ಸುಟ್ಟುಹಾಕುತ್ತದೆ.

ಮಳೆಯಿಂದ ಕಾಪಾಡುವುದು ಬೇರೆಯೇ ಕೆಲಸ. ಮುಚ್ಚಳ ಹೇಳಿದ್ದು ಅದಕ್ಕೇ. ನೀರು ತಡೆಯುವ ದರ್ಜೆಯ ಪ್ಲೈವುಡ್ ತೆಗೆದುಕೊಂಡು ಕೆಳಗೆ, ಮೇಲೆ, ನಾಲ್ಕು ಅಂಚಿಗೂ ವಾರ್ನಿಷ್ ಹೊಡೆದಿದ್ದೇನೆ, ಯಾಕೆಂದರೆ ಒಂದು ಕಡೆ ಬಿಟ್ಟರೆ ಅಲ್ಲಿಂದಲೇ ಥಂಡಿ ಹೀರಿ ಹಲಗೆ ಬಾಗುತ್ತದೆ. ಪೆಟ್ಟಿಗೆಯೊಳಗೆ ಹಳೆ ಕಾಲದ ಸಣ್ಣ ಬಲ್ಬ್ ಒಂದು ಉರಿಯುತ್ತಿರುತ್ತದೆ, ಬೀರುವಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯದ ಹಾಗೆ ಮನೆಯಲ್ಲಿ ಇಡುತ್ತಾರಲ್ಲ, ಅದೇ ಉಪಾಯ. ಎಲ್‌ಇಡಿ ಬಲ್ಬ್‌ಗೆ ಆ ಬಿಸಿ ಇಲ್ಲ. ಹಳಿ ಉಕ್ಕಿನದ್ದಾದರೆ ನಮ್ಮ ಕಡೆ ತುಕ್ಕು ಗ್ಯಾರಂಟಿ, ನಿಕಲ್ ಸಿಲ್ವರ್ ಹಳಿಯೇ ಒಳ್ಳೆಯದು. ಮರಳು ಕಾಗದದಲ್ಲಿ ಉಜ್ಜಲೇಬಾರದು, ಗೀರು ಬಿದ್ದ ಕಡೆಯೆಲ್ಲ ಕೊಳೆ ಕೂರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿದರೆ ಸಾಕು. ಹಲ್ಲಿ ಕಾಟಕ್ಕೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ.

ಜಲ್ಲಿ ಹಾಕುವ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ. ಹೊಳೆ ಮರಳನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಸ್ಲೀಪರ್‌ಗಳ ನಡುವೆ ಬ್ರಷ್‌ನಲ್ಲಿ ಹರಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿದ ನೀರು ಚಿಮುಕಿಸಿ, ಆಮೇಲೆ ನೀರು ಬೆರೆಸಿದ ಫೆವಿಕಾಲನ್ನು ಫಿಲ್ಲರ್‌ನಲ್ಲಿ ಬಿಡಬೇಕು. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ.

ತೋಟ ಮಾಡುವಾಗ ನನಗೆ ಅಚ್ಚರಿಯಾದದ್ದು ಮರಗಳ ಎತ್ತರ. ಇಪ್ಪತ್ತು ಮೀಟರಿನ ಸಿಲ್ವರ್ ಓಕ್ ಎಚ್‌ಒ ಅಳತೆಯಲ್ಲಿ 23 ಸೆಂಟಿಮೀಟರ್ ಆಗುತ್ತದೆ! ಎಲ್ಲರೂ ಮಾಡುವುದು ಗೇಣುದ್ದಕ್ಕಿಂತ ಕಡಿಮೆ, ಅದಕ್ಕೇ ತೋಟ ಆಟಿಕೆ ತರ ಕಾಣುವುದು. ಕಾಫಿ ಗಿಡ ಎರಡು ಸೆಂಟಿಮೀಟರಿನೊಳಗೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರನ್ನು ಚೂರು ಚೂರು ಹರಿದು ಅಂಟಿಸಿದ್ದೇನೆ. ಓಕ್ ಕಾಂಡಕ್ಕೆ ದಾರ ಸುತ್ತಿ, ಅಂಟು ಹಚ್ಚಿ, ಪುಡಿ ಮಾಡಿದ ಹಸಿರು ಸ್ಪಂಜ್ ಉದುರಿಸಿದರೆ ಮೆಣಸಿನ ಬಳ್ಳಿ. ಹಿಂದೆ ಕೆಲಸದವರ ಲೈನ್ ಮನೆ, ಅದರ ಪಕ್ಕ ಕಾಫಿ ಒಣಗಿಸುವ ಕಣ. ಕಣದಲ್ಲಿ ಹಣ್ಣು ಕಾಫಿ ಹರಡಬೇಕಿತ್ತು. ಸಾಸಿವೆ ಹಾಕಿ ಅಂದರು ಮನೆಯವರು. ಆದರೆ ಆ ಅಳತೆಯಲ್ಲಿ ಒಂದು ಸಾಸಿವೆ ಕಾಳು ತೆಂಗಿನಕಾಯಿಗಿಂತ ಸಣ್ಣದೇನಲ್ಲ. ನಿಜದ ಕಾಫಿ ಹಣ್ಣು 87 ಪಾಲು ಸಣ್ಣದಾದರೆ ಹಿಟ್ಟು. ಕೊನೆಗೆ ಇಟ್ಟಿಗೆ ಪುಡಿಯನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಕಪ್ಪು ಬೆರೆಸಿ ಹಾಕಿದೆ. ಮಣ್ಣಿಗೆ ಕಾಫಿ ಚರಟ ಹಾಕುತ್ತಾರೆ ಕೆಲವರು, ಬಣ್ಣ ಚೆನ್ನ, ಆದರೆ ನಮ್ಮ ಥಂಡಿಗೆ ಬೂಷ್ಟು ಬರುತ್ತದೆ. ತೋಟದ ಮಣ್ಣನ್ನೇ ಬಾಣಲೆಯಲ್ಲಿ ಹುರಿದು ಜರಡಿ ಹಿಡಿದು ಹಾಕಿ.

ಈಗ ಇಂಜಿನ್ ನಿಲ್ಲುವ ತುದಿಗೆ ಜೋಡಿಸುವ ಇನ್ನೊಂದು ಹಲಗೆ ಮಾಡುತ್ತಿದ್ದೇನೆ. ಬರೀ ನೇರ ಹಳಿ, ಎರಡು ಬದಿ ತಗಡಿನ ತಡೆ, ಅಷ್ಟೇ. ಆಟ ಮುಗಿದ ಮೇಲೆ ಸೇರಿಸಿದ ಐದು ಡಬ್ಬಿಯನ್ನು ಇಂಜಿನ್ ಅದರ ಮೇಲೆ ಎಳೆದುಕೊಂಡು ಹೋಗುತ್ತದೆ. ಹಲಗೆ ಸಮೇತ ಎತ್ತಿದರೆ ಗಾಡಿ ಕುಶಾಲನಗರದ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಹೋಯಿತು ಅಂತ ಲೆಕ್ಕ. ಆಟದ ಹೊತ್ತಿನಲ್ಲಿ ಅದನ್ನು ಕಳಚಿ ಇಡುತ್ತೇನೆ, ಮೂರು ಡಬ್ಬಿಯ ನಿಯಮ ಹಾಗೇ ಇರುತ್ತದೆ. ಗಾಡಿಯ ಕೊನೆಗೆ ಗಾರ್ಡ್ ಡಬ್ಬಿ ಬೇಕೇ ಬೇಕು ಅಂತ ತಂಗಿಯ ಮಗನ ಹಟ. ಹಾಕಿದರೆ ಒಂಬತ್ತು ಡಬ್ಬಿ ಆಗುತ್ತದೆ, ಲೆಕ್ಕ ಕೆಡುತ್ತದೆ. ಅದನ್ನು ಆ ಹೊಸ ಹಲಗೆಯ ಮೇಲೇ ಇಟ್ಟುಕೋ, ಯಾರ್ಡಿಗೆ ತರಬೇಡ ಅಂದಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.