ಮೋಡ ಬಂದಾಗ ಬೋರ್ಡ್ ಸಾಯ್ತಿದೆಯಾ? ಸೋಲಾರ್ ಪ್ಯಾನಲ್‌ನಿಂದ ನೇರ 5 ವೋಲ್ಟ್ ತೆಗೆಯೋರಿಗೆ ಒಂದು ಸಲಹೆ

12 ವೋಲ್ಟ್ ಪ್ಯಾನಲ್ ಅಂದರೆ ಬರೀ ಹೆಸರು ಅಷ್ಟೇ. 36 ಸೆಲ್ ಇರುವ ಪ್ಯಾನಲ್ ಲೋಡ್ ಇಲ್ಲದಾಗ 21-22 ವೋಲ್ಟ್ ಕೊಡುತ್ತದೆ, ಚಳಿಗಾಲದ ಬೆಳಗ್ಗೆ ಇನ್ನೂ ಜಾಸ್ತಿ. ಮೋಡ ಬಂದು ಲೋಡ್ ಎಳೆದರೆ 6-7ಕ್ಕೆ ಕುಸಿಯಬಹುದು.

ಇಲ್ಲಿಗೆ 7805 (ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಕಳೆದು 5 ವೋಲ್ಟ್ ಕೊಡುವ ಹಳೇ ರೆಗ್ಯುಲೇಟರ್ ಚಿಪ್) ಬೇಡ. 20 ವೋಲ್ಟ್ ಬಂದಾಗ ಅರ್ಧ ಆಂಪ್ ಎಳೆದರೆ 7.5 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಬೆರಳಿಡೋಕೆ ಆಗಲ್ಲ. ಬಕ್ ಕನ್ವರ್ಟರ್ ಹಾಕಿ, ಅಂದರೆ ಸ್ವಿಚಿಂಗ್‌ನಿಂದ ವೋಲ್ಟೇಜ್ ಇಳಿಸುವ ಮಾಡ್ಯೂಲ್. ಅಂಥದ್ದರಲ್ಲಿ ಬರುವ ಎಂಪಿ1584 ಚಿಪ್ 4.5ರಿಂದ 28 ವೋಲ್ಟ್‌ವರೆಗೆ ತಡೆಯುತ್ತದೆ. ಎರಡು ಪ್ಯಾನಲ್‌ಗಳನ್ನು ಸೀರೀಸ್‌ನಲ್ಲಿ ಮಾತ್ರ ಕೊಡಬೇಡಿ, ಚಿಪ್ ಸುಟ್ಟುಹೋಗುತ್ತದೆ.

ಆದರೆ ನನ್ನನ್ನು ವಾರಗಟ್ಟಲೆ ಕಾಡಿದ್ದು ಬೇರೆಯೇ. ಬಕ್ ಕನ್ವರ್ಟರ್‌ಗೆ ಇನ್‌ಪುಟ್ ಕಡಿಮೆಯಾದಷ್ಟೂ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಆಗ ಪ್ಯಾನಲ್ ಇನ್ನೂ ಕುಸಿಯುತ್ತದೆ. ಬೆಳಗಿನ ಮಂದ ಬಿಸಿಲಲ್ಲಿ ನನ್ನ ಬೋರ್ಡ್ ಆನ್, ಆಫ್, ಆನ್, ಆಫ್ ಅಂತ ಒದ್ದಾಡುತ್ತಿತ್ತು.

ಪರಿಹಾರ ಎರಡೇ ರೆಸಿಸ್ಟರ್. ಇನ್‌ಪುಟ್‌ನಿಂದ ಎಂಪಿ1584ರ ಎನೇಬಲ್ ಪಿನ್‌ಗೆ (ಚಿಪ್ ಆನ್-ಆಫ್ ಮಾಡುವ ಪಿನ್) 68ಕೆ, ಅಂದರೆ 68 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 10ಕೆ. ಮಾಡ್ಯೂಲ್‌ನಲ್ಲಿ ಆ ಪಿನ್‌ಗೆ ಮೊದಲೇ ರೆಸಿಸ್ಟರ್ ಇದ್ದರೆ ತೆಗೆಯಿರಿ. ಈಗ ಸುಮಾರು 11-12 ವೋಲ್ಟ್ ಬಂದ ಮೇಲೇ ಆನ್ ಆಗುತ್ತದೆ, 9ರ ಆಸುಪಾಸಿನಲ್ಲಿ ಆಫ್. ಮಲ್ಟಿಮೀಟರ್ ಹಿಡಿದು ನೋಡಿ, ಬೇಕಿದ್ದರೆ 68ಕೆ ಬದಲಿಸಿಕೊಳ್ಳಿ. ಎಲ್‌ಎಂ2596 ಅನ್ನೋ ಇನ್ನೊಂದು ಬಕ್ ಚಿಪ್ ಬಳಸುವವರೇ, ಅದರ ಆನ್-ಆಫ್ ಪಿನ್ ಉಲ್ಟಾ: ಗ್ರೌಂಡ್ ಆದರೆ ಆನ್. ಇದೇ ಜೋಡಣೆ ಅಲ್ಲಿ ನಡೆಯಲ್ಲ.

ಇನ್‌ಪುಟ್‌ನಲ್ಲಿ 35 ವೋಲ್ಟ್‌ನ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ಬೋರ್ಡ್‌ನ ವೈಫೈ ಕ್ಷಣಕ್ಕೊಮ್ಮೆ ಎಳೆಯುವ ಕರೆಂಟ್‌ಗೆ ಅದೇ ಆಸರೆ. ಮತ್ತೆ, ಬೋರ್ಡ್ ಜೋಡಿಸುವ ಮೊದಲೇ ಮಾಡ್ಯೂಲ್‌ನ ಔಟ್‌ಪುಟ್ ಸ್ಕ್ರೂವನ್ನು 5 ವೋಲ್ಟ್‌ಗೆ ತಿರುಗಿಸಿಟ್ಟುಕೊಳ್ಳಿ.