ಎಲಿಮೆಂಟ್ ಬದಲಿಸುವ ಮೊದಲು ಮಾಡಿದ ಲೆಕ್ಕ

ಸಾಗರ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ, ಅಡಿಕೆ ಒಣಗಿಸುವ ಅಂಗಳದ ಆಚೆ ಹೊಸದಾಗಿ ಕಟ್ಟಿಸಿದ ಬಚ್ಚಲುಮನೆಗೆ 25 ಲೀಟರಿನ, 2000 ವ್ಯಾಟಿನ ಗೀಸರ್ ಹಾಕಿಸಿದ್ದರು. ನೀರು ಕಾಯಲು ತುಂಬಾ ಹೊತ್ತು ಹಿಡಿಯುತ್ತದೆ ಎಂಬ ದೂರಿಗೆ ಹಿಂದೆ ಬಂದವರು ಎರಡು ಸಲ ಎಲಿಮೆಂಟ್ (ನೀರು ಕಾಯಿಸುವ ಒಳಗಿನ ಸುರುಳಿ) ಬದಲಿಸಿ ಹೋಗಿದ್ದರು. ನನ್ನನ್ನು ಕರೆದಾಗಲೂ ಮನೆಯ ಯಜಮಾನಿತಿ, ‘ಈ ಸಲ ಒಳ್ಳೆ ಕಂಪನಿದು ಹಾಕಿಕೊಡಪ್ಪ’ ಎಂದೇ ಹೇಳಿದರು. ನಾನು ಎಲಿಮೆಂಟಿಗೆ ಕೈ ಹಾಕುವ ಮೊದಲು ಲೆಕ್ಕ ಮಾಡಿ ನೋಡುತ್ತೇನೆ ಎಂದೆ.

ಲೆಕ್ಕ ದೊಡ್ಡದೇನಲ್ಲ. ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಐಟಿಐಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಉಪಕರಣದ ಎರಡು ತುದಿಗಳ ನಡುವಿನ ವೋಲ್ಟನ್ನು ಅದರಲ್ಲಿ ಹರಿಯುವ ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಓಮ್‌ಗಳಲ್ಲಿ ಸಿಗುತ್ತದೆ, ಅವೆರಡನ್ನೇ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಗೀಸರಿನ ಮೇಲೆ ಬರೆದಿರುವ 2000 ವ್ಯಾಟ್ 230 ವೋಲ್ಟಿನ ಲೆಕ್ಕ. ಅಂದರೆ ಕರೆಂಟ್ 8.7 ಆಂಪಿಯರ್, ಎಲಿಮೆಂಟಿನ ರೋಧ ಸುಮಾರು 26.4 ಓಮ್ ಇರಬೇಕು. ಈ ಸಂಖ್ಯೆಯನ್ನು ಮೊದಲೇ ಪುಸ್ತಕದಲ್ಲಿ ಬರೆದುಕೊಂಡರೆ ಆಮೇಲೆ ಬರುವ ಅಳತೆಗೆ ಅರ್ಥ ಬರುತ್ತದೆ.

ಅಳತೆಯನ್ನು ಗೀಸರ್ ಚಾಲೂ ಇರುವಾಗಲೇ, ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ನಮ್ಮ ಹಳ್ಳಿಗಳ ಲೈನಿನಲ್ಲಿ ವೋಲ್ಟೇಜ್ ನಿಮಿಷದಿಂದ ನಿಮಿಷಕ್ಕೆ ಏರಿಳಿಯುವುದರಿಂದ, ನನ್ನ ಜೊತೆಯ ಹುಡುಗನನ್ನು ಒಂದು ಮೀಟರಿನೊಂದಿಗೆ ಮನೆಯ ಮೇನ್ ಬೋರ್ಡಿನ ಬಳಿ ನಿಲ್ಲಿಸಿ, ನಾನು ಗೀಸರಿನ ಟರ್ಮಿನಲ್ಲಿನ ಬಳಿ ನಿಂತು, ಫೋನಿನಲ್ಲಿ ಮಾತಾಡುತ್ತಾ ಇಬ್ಬರೂ ಒಟ್ಟಿಗೆ ಓದಿದೆವು. ತಂತಿಯನ್ನು ಕತ್ತರಿಸದೆ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನ ಬಾಯಿಯೊಳಗೆ ಫೇಸ್ ತಂತಿಯೊಂದೇ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಸೇರಿದ ಕೇಬಲನ್ನು ಹಾಗೇ ಹಿಡಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಕಳೆದು ಮೀಟರ್ ಸೊನ್ನೆ ತೋರಿಸುತ್ತದೆ. ಮೂರು ಸಲ ಓದಿ ನಡುವಿನದನ್ನು ಇಟ್ಟುಕೊಂಡೆ. ಬೋರ್ಡಿನಲ್ಲಿ 221 ವೋಲ್ಟ್, ಗೀಸರಿನಲ್ಲಿ 206 ವೋಲ್ಟ್, ಕರೆಂಟ್ 7.8 ಆಂಪಿಯರ್.

206ನ್ನು 7.8ರಿಂದ ಭಾಗಿಸಿದರೆ 26.4 ಓಮ್. ಎಲಿಮೆಂಟ್ ಹೇಗಿರಬೇಕೋ ಹಾಗೇ ಇತ್ತು. ಆದರೆ ಗುಣಿಸಿದಾಗ ಬಂದದ್ದು 1607 ವ್ಯಾಟ್ ಮಾತ್ರ. ವೋಲ್ಟೇಜ್ ಶೇ 10ರಷ್ಟು ಇಳಿದರೆ ಕರೆಂಟೂ ಅಷ್ಟೇ ಇಳಿಯುತ್ತದೆ, ಹಾಗಾಗಿ ಕಾವು ಶೇ 19ರಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಗಿರಾಕಿಗಳಿಗೆ ತಿಳಿಸಿ ಹೇಳುವುದು ನನ್ನ ಕೆಲಸದ ಒಂದು ಭಾಗವೆಂದೇ ನಾನು ತಿಳಿದಿದ್ದೇನೆ. ಇಲ್ಲಿ ಅಂಥ ಇಳಿತದ ಒಂದು ಪಾಲು ಹೊರಗಿನ ಲೈನಿನದು, ಇನ್ನೊಂದು ಪಾಲು ಮನೆಯೊಳಗಿನದು. ಮನೆಯೊಳಗೆ ಕಳೆದುಹೋದ 15 ವೋಲ್ಟನ್ನು 7.8ರಿಂದ ಗುಣಿಸಿದರೆ 117 ವ್ಯಾಟ್. ಅದು ಬೋರ್ಡಿಗೂ ಗೀಸರಿಗೂ ನಡುವೆ ಎಲ್ಲೋ ಶಾಖವಾಗಿ ಹೋಗುತ್ತಿತ್ತು.

ಎಲ್ಲಿ ಎಂಬುದನ್ನೂ ಅದೇ ಲೆಕ್ಕ ತೋರಿಸಿತು. ಬಚ್ಚಲುಮನೆಗೆ ಎಳೆದಿದ್ದದ್ದು 1 ಚದರ ಮಿಲಿಮೀಟರಿನ ತಾಮ್ರದ ತಂತಿ, ದೂರ 40 ಮೀಟರ್. ಹೋಗಿ ಬರುವ ಎರಡು ತಂತಿ ಸೇರಿ 80 ಮೀಟರ್. ಈ ದಪ್ಪದ ತಂತಿಗೆ ಕಿಲೋಮೀಟರಿಗೆ ಸುಮಾರು 18.1 ಓಮ್ ರೋಧವಿರುವುದರಿಂದ 80 ಮೀಟರಿಗೆ 1.45 ಓಮ್ ಆಗುತ್ತದೆ, ಅಂದರೆ 11.3 ವೋಲ್ಟ್. ಉಳಿದ 3.7 ವೋಲ್ಟಿಗೆ ತಂತಿ ಲೆಕ್ಕ ಕೊಡಲಿಲ್ಲ. ಆಗ ಅಂಗಳದ ಕಂಬದ ಮೇಲಿದ್ದ ಜಂಕ್ಷನ್ ಬಾಕ್ಸ್ ತೆರೆದೆ. ಎರಡು ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಸುತ್ತಿದ್ದ ಕಪ್ಪು ಟೇಪ್ ಕರಗಿ ಅಂಟಂಟಾಗಿತ್ತು. ಒಳಗಿನ ತಾಮ್ರ ಸುಟ್ಟ ಬೆಂಕಿಕಡ್ಡಿಯಂತೆ ಕಪ್ಪಾಗಿ, ಪಕ್ಕದ ಇನ್ಸುಲೇಷನ್ ಬೆರಳು ತಾಗಿಸಿದರೆ ಪುಡಿಯಾಗುವಷ್ಟು ಗಟ್ಟಿಯಾಗಿತ್ತು. ಮತ್ತೆ ಸಪ್ಲೈ ಕೊಟ್ಟು ಆ ಜಾಯಿಂಟಿನ ಈಚೆಗೊಂದು, ಆಚೆಗೊಂದು ಪ್ರೋಬ್ ಇಟ್ಟಾಗ ಮೀಟರ್ 3.7 ವೋಲ್ಟನ್ನೇ ತೋರಿಸಿತು. ರೋಧ ಅರ್ಧ ಓಮ್‌ಗಿಂತ ಕಡಿಮೆ, ಆದರೆ ವ್ಯಾಟ್ 29. 25 ವ್ಯಾಟಿನ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಚಾಲೂ ಇಟ್ಟ ಹಾಗೆ. ಪಕ್ಕದಲ್ಲೇ ಒಣಗಿದ ಸೋಗೆಯ ರಾಶಿ ಇತ್ತು.

ಚಾಲೂ ಇರುವಾಗಲೇ ಏಕೆ ಅಳೆಯಬೇಕು ಎಂದು ಕೇಳುವ ಹೊಸಬರಿಗೆ ನನ್ನ ಹಳೆಯ ತಪ್ಪೊಂದನ್ನು ಹೇಳುತ್ತೇನೆ. ಕಲಿಯುವ ದಿನಗಳಲ್ಲಿ 100 ವ್ಯಾಟಿನ ಬಲ್ಬಿಗೆ ಮಲ್ಟಿಮೀಟರಿನ ಓಮ್ ರೇಂಜ್ ಹಚ್ಚಿದಾಗ 40ರ ಹತ್ತಿರ ತೋರಿಸಿತು. ಆ ಲೆಕ್ಕದಲ್ಲಿ ಬಲ್ಬ್ 1300 ವ್ಯಾಟ್ ಮೀರಬೇಕು! ಉರಿಯುವಾಗ ಅದರ ರೋಧ 529 ಓಮ್. ತಣ್ಣಗಿನ ಟಂಗ್‌ಸ್ಟನ್ ತಂತಿಯ ರೋಧ ಬಿಸಿಯಾದಾಗಿನದಕ್ಕಿಂತ ಎಷ್ಟೋ ಪಟ್ಟು ಕಡಿಮೆ. ಗೀಸರಿನ ಎಲಿಮೆಂಟಿನಲ್ಲಿರುವ ನೈಕ್ರೋಮ್ ತಂತಿ ಇಷ್ಟು ಬದಲಾಗುವುದಿಲ್ಲ ನಿಜ, ಆದರೆ ಹೊಸೆದ ಜಾಯಿಂಟಿನ ದೋಷ ಕರೆಂಟ್ ಹರಿಯದಿದ್ದಾಗ ಕಾಣಿಸುವುದೇ ಇಲ್ಲ. ಪಂಪ್‌ಸೆಟ್, ಫ್ಯಾನುಗಳಿಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ. ಮೋಟಾರಿನಲ್ಲಿ ಪವರ್ ಫ್ಯಾಕ್ಟರನ್ನೂ, ಅಂದರೆ ವೋಲ್ಟ್ ಮತ್ತು ಆಂಪಿಯರನ್ನು ಗುಣಿಸಿ ಬಂದದ್ದರಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಎಂಬುದನ್ನೂ, ಸೇರಿಸಬೇಕು.

ಜಾಯಿಂಟ್ ತೆಗೆದುಹಾಕಿ, 4 ಚದರ ಮಿಲಿಮೀಟರಿನ ತಂತಿಯನ್ನು ಅರ್ಥಿಂಗ್ ಸಮೇತ ನಡುವೆ ತುಂಡು ಮಾಡದೆ ಎಳೆದೆ. ಬೋರ್ಡಿನಲ್ಲಿ 222 ವೋಲ್ಟ್ ಇದ್ದಾಗ ಗೀಸರಿನಲ್ಲಿ 219 ವೋಲ್ಟ್, 8.3 ಆಂಪಿಯರ್, ಅಂದರೆ 1818 ವ್ಯಾಟ್ ಸಿಕ್ಕಿತು. ನೀರಿನ ಬಿಸಿಯನ್ನು 30 ಡಿಗ್ರಿ ಏರಿಸಲು ಮೊದಲು ಹಿಡಿಯುತ್ತಿದ್ದ ಸುಮಾರು 33 ನಿಮಿಷ 29ಕ್ಕೆ ಇಳಿಯುತ್ತದೆ. ಉಳಿದ ಕೊರತೆ ಹೊರಗಿನ ಲೈನಿನದು, ಅದು ನನ್ನ ಕೈಯಲ್ಲಿಲ್ಲ ಎಂದು ಯಜಮಾನಿತಿಗೆ ಸ್ಪಷ್ಟವಾಗಿ ಹೇಳಿದೆ. ಎಲಿಮೆಂಟ್ ಹಳೆಯದೇ ಉಳಿಯಿತು. ಗೀಸರಿನ ಕೆಳಗಿನ ಮುಚ್ಚಳದ ಒಳಮೈ ಮೇಲೆ ಮಾರ್ಕರ್ ಪೆನ್ನಿನಿಂದ 219 ವೋಲ್ಟ್, 8.3 ಆಂಪಿಯರ್, 26.4 ಓಮ್ ಎಂದು ತಾರೀಖಿನ ಜೊತೆ ಬರೆದಿಟ್ಟು ಬಂದಿದ್ದೇನೆ. ಮುಂದೆ ಅದನ್ನು ಬಿಚ್ಚುವವರಿಗೆ ಹೋಲಿಸಿ ನೋಡಲು ಬೇಕಾಗುತ್ತದೆ.